ಗುಂಡಿಯ ಬಾಯಿ ಚಿಕ್ಕದು, ಒಳಗಿನ ಅರ್ಚಿನ್ ದೊಡ್ಡದು: ಅದು ಒಳಗೆ ಹೋಗಿದ್ದಾದರೂ ಹೇಗೆ?

ಪ್ರಶ್ನೆ: ನೀರು ಇಳಿದ ಹೊತ್ತಲ್ಲಿ ಕಡಲಂಚಿನ ಬಂಡೆಗಳ ಮೇಲೆ ಓಡಾಡುತ್ತಿದ್ದೆ. ಒಂದು ಬಂಡೆಯ ತುಂಬ ಬಟ್ಟಲಿನಂಥ ಗುಂಡಿಗಳು, ಒಂದೊಂದರಲ್ಲೂ ಒಂದೊಂದು ನೇರಳೆ ಬಣ್ಣದ ಸೀ ಅರ್ಚಿನ್, ಮೈತುಂಬ ಮುಳ್ಳಿರುವ ಚೆಂಡಿನಂಥ ಆ ಕಡಲ ಪ್ರಾಣಿ. ಕೆಲವು ಗುಂಡಿಗಳ ಬಾಯಿ ಒಳಗಿದ್ದ ಪ್ರಾಣಿಗಿಂತ ಚಿಕ್ಕದಿತ್ತು. ಅದು ಒಳಗೆ ಹೋಗಿದ್ದು ಹೇಗೆ? ಹೊರಗೇ ಬಾರದೆ ಏನು ತಿಂದು ಬದುಕುತ್ತದೆ? ಜೊತೆಗಿದ್ದ ಗೆಳೆಯ, "ಇವು ಕಡಲ ತಳವನ್ನೆಲ್ಲ ಬೋಳು ಮಾಡುತ್ತವೆ, ಕಂಡಲ್ಲಿ ಜಜ್ಜಿ ಹಾಕಬೇಕು" ಅಂದ. ಅದು ನಿಜವಾ?

ಉತ್ತರ: ಮೊದಲ ಪ್ರಶ್ನೆಗೆ ಒಂದೇ ಸಾಲಿನ ಉತ್ತರ ಇದೆ. ಅದು ಒಳಗೆ ಹೋಗಲಿಲ್ಲ, ಒಳಗೇ ಬೆಳೆಯಿತು. ಮರಿಯಾಗಿದ್ದಾಗ ಬಂಡೆಯ ಒಂದು ಸಣ್ಣ ತಗ್ಗಿನಲ್ಲಿ ಕೂತಿತು, ಕೂತಲ್ಲೇ ಕಲ್ಲನ್ನು ಕೆರೆದು ಕೆರೆದು ಜಾಗ ದೊಡ್ಡದು ಮಾಡಿಕೊಂಡಿತು, ತಾನೂ ದೊಡ್ಡದಾಯಿತು. ಮೈ ಇರುವುದು ಒಳಗಡೆ, ಸವೆತವೂ ಒಳಗಡೆಯೇ ಜಾಸ್ತಿ, ಬಾಗಿಲು ಮಾತ್ರ ಹಳೆಯ ಅಳತೆಯಲ್ಲೇ ಉಳಿಯಿತು. ಹಾಗಾಗಿ ನೀವು ನೋಡಿದ್ದು ಒಂಥರಾ ಜೈಲು. ಆದರೆ ಕೈದಿಗೆ ದೂರು ಇದ್ದಂತೆ ಕಾಣುವುದಿಲ್ಲ. ಯಾಕೆ ಅಂತ ಮುಂದೆ ಹೇಳುತ್ತೇನೆ, ಯಾಕೆಂದರೆ ನಿಮ್ಮ ಗೆಳೆಯರ ಮಾತಿಗೆ ಉತ್ತರವೂ ಅಲ್ಲೇ ಇದೆ.

ಯಾವ ಕಡಲು ಅಂತ ನೀವು ಬರೆದಿಲ್ಲ. ನೇರಳೆ ಬಣ್ಣ, ಒಂದೇ ಬಂಡೆಯಲ್ಲಿ ಸಾಲುಸಾಲು ಗುಂಡಿ ಅಂದಕೂಡಲೇ ನನಗೆ ನೆನಪಾಗುವುದು ಉತ್ತರ ಅಮೆರಿಕದ ಪಶ್ಚಿಮ ಕರಾವಳಿಯ ನೇರಳೆ ಅರ್ಚಿನ್. ಅದರ ವೈಜ್ಞಾನಿಕ ಹೆಸರು ಸ್ಟ್ರಾಂಜಿಲೊಸೆಂಟ್ರೋಟಸ್ ಪರ್ಪ್ಯುರೇಟಸ್, ಹೇಳುವಷ್ಟರಲ್ಲಿ ನೀರು ಏರಿಬಿಡುತ್ತದೆ. ಬಿಸಿ ಕಡಲುಗಳಲ್ಲಿ ಎಕಿನೊಮೆಟ್ರಾ ಅನ್ನುವ ಗುಂಪು ಇದೇ ಕೆಲಸ ಮಾಡುತ್ತದೆ, ಮೆಡಿಟರೇನಿಯನ್ ಕಡೆ ಪ್ಯಾರಾಸೆಂಟ್ರೋಟಸ್ ಲಿವಿಡಸ್ ಅನ್ನುವುದಿದೆ. ಒಟ್ಟು ಅರ್ಚಿನ್ ಜಾತಿಗಳು ಸುಮಾರು 950. ಎಲ್ಲವೂ ಕಲ್ಲು ಕೊರೆಯುವುದಿಲ್ಲ, ಎಲ್ಲವೂ ಬಂಡೆಯ ಮೇಲೂ ಇರುವುದಿಲ್ಲ. ಮರಳಲ್ಲಿ ಹೂತುಕೊಂಡೇ ಬದುಕುವವೂ ಇವೆ, ಅವನ್ನು ಇಲ್ಲಿ ಬಿಡೋಣ.

ಕಲ್ಲು ಕೆರೆಯುವುದು ಹಲ್ಲಿನಿಂದ, ಸ್ವಲ್ಪ ಮಟ್ಟಿಗೆ ಮುಳ್ಳಿನ ಉಜ್ಜಾಟದಿಂದ. ಅರ್ಚಿನ್‌ನ ಬಾಯಿ ಇರುವುದು ಕೆಳಗೆ, ಬಂಡೆಗೆ ಅಂಟಿದ ಬದಿಯಲ್ಲಿ. ನೀವು ಮೇಲಿಂದ ನೋಡುವಾಗ ಕಾಣುವುದು ಅದರ ಬೆನ್ನು. ಸತ್ತ ಒಂದನ್ನು ಬಿಡಿಸಿ ನೋಡಿದರೆ ಚಿಪ್ಪಿನೊಳಗೆ ಒಂದು ಪುಟ್ಟ ಯಂತ್ರ ಸಿಗುತ್ತದೆ. ಐದು ದವಡೆ, ಐದು ಹಲ್ಲು, ನಡುವೆ ಜೋಡಣೆಯ ಚಿಕ್ಕ ಚಿಕ್ಕ ಎಲುಬಿನಂಥ ತುಂಡುಗಳು, ಎಲ್ಲ ಸೇರಿ ಸುಮಾರು 40 ಭಾಗ. ಇದಕ್ಕೆ ಅರಿಸ್ಟಾಟಲ್‌ನ ಲಾಂದ್ರ ಅಂತ ಹೆಸರು. ಎರಡು ಸಾವಿರದ ಮುನ್ನೂರು ವರ್ಷದಷ್ಟು ಹಿಂದೆ ಅರಿಸ್ಟಾಟಲ್ ಅರ್ಚಿನ್ ಬಗ್ಗೆ ಬರೆಯುವಾಗ ಲಾಂದ್ರಕ್ಕೆ ಹೋಲಿಸಿದ್ದ. ಅವನು ಹೋಲಿಸಿದ್ದು ಬಾಯನ್ನೋ ಇಡೀ ಚಿಪ್ಪನ್ನೋ ಅಂತ ಇವತ್ತಿಗೂ ಪಂಡಿತರು ಜಗಳ ಆಡುತ್ತಾರೆ. ನನಗಂತೂ ಮುಳ್ಳೆಲ್ಲ ಉದುರಿ ಬೆಳಕಿಗೆ ಹಿಡಿದ ಖಾಲಿ ಚಿಪ್ಪೇ ಜಾಸ್ತಿ ಲಾಂದ್ರದ ಹಾಗೆ ಕಾಣುತ್ತದೆ, ಅದರ ತೂತುಗಳಿಂದ ಬೆಳಕು ಸೋರುತ್ತದಲ್ವಾ.

ಹಲ್ಲು ಸುಣ್ಣದ್ದು. ಸುಣ್ಣದ ಹಲ್ಲು ಮರಳುಗಲ್ಲನ್ನು ಕೆರೆದರೆ ಹಲ್ಲೇ ಸವೆಯಬೇಕು, ಸವೆಯುತ್ತದೆ ಕೂಡ. ಆದರೆ ಹಲ್ಲು ಹಿಂಭಾಗದಿಂದ ಬೆಳೆಯುತ್ತಲೇ ಇರುತ್ತದೆ, ಇಲಿಯ ಹಲ್ಲಿನ ಹಾಗೆ. ಅದರ ರಚನೆಯಲ್ಲೇ ಒಂದು ಜಾಣತನ ಇದೆ. ಸುಣ್ಣದ ಹರಳುಗಳು ಹಾಳೆಯಂತೆ, ನಾರಿನಂತೆ ಜೋಡಿಸಿಕೊಂಡಿರುತ್ತವೆ, ನಡುನಡುವೆ ದುರ್ಬಲವಾದ ಪದರ. ತುದಿ ಮೊಂಡಾದಾಗ ಆ ದುರ್ಬಲ ಪದರದಲ್ಲಿ ಚಕ್ಕೆ ಎದ್ದು ಬೀಳುತ್ತದೆ, ಒಳಗಿನ ಹೊಸ ಚೂಪು ತುದಿ ಹೊರಗೆ ಬರುತ್ತದೆ. ಅಂಗಡಿಯಲ್ಲಿ ಸಿಗುವ ಕಟರ್ ಚಾಕುವಿನ ಬ್ಲೇಡನ್ನು ಗೀಟಿನಲ್ಲಿ ಮುರಿದು ಹೊಸ ತುದಿ ತೆಗೆಯುತ್ತೇವಲ್ಲ, ಹಾಗೆಯೇ. ಸಾಣೆ ಹಿಡಿಯುವ ಕೆಲಸವೇ ಇಲ್ಲ, ಕೆರೆಯುವುದೇ ಸಾಣೆ.

ಮರಳುಗಲ್ಲು, ಮಣ್ಣುಗಲ್ಲುಗಳಂಥ ಮೆದು ಬಂಡೆ ಬೇಗ ಸವೆಯುತ್ತದೆ, ಗ್ರಾನೈಟ್ ತುಂಬ ನಿಧಾನ. ಇನ್ನೊಂದು ವಿಷಯ ಗಮನಿಸಿ, ನೀವು ನೋಡಿದ ಗುಂಡಿ ಆ ಒಂದೇ ಪ್ರಾಣಿಯ ಕೆಲಸ ಅಂತ ಹೇಳುವಂತಿಲ್ಲ. ಒಂದು ಸತ್ತರೆ ಇನ್ನೊಂದು ಬಂದು ಸೇರಿಕೊಳ್ಳುತ್ತದೆ, ಬಿಟ್ಟಲ್ಲಿಂದ ಕೆರೆತ ಮುಂದುವರಿಯುತ್ತದೆ. ತಲೆಮಾರುಗಳ ಮನೆ ಅದು, ನೋಂದಣಿ ಇಲ್ಲದ್ದು.

ಗುಂಡಿಯಿಂದ ಲಾಭ ಏನು ಅಂದರೆ, ಅಲೆ. ಬಂಡೆ ಕರಾವಳಿಯಲ್ಲಿ ಹುಟ್ಟಿದ ಪ್ರಾಣಿಗೆ ಹಗಲೂ ರಾತ್ರಿ ಇರುವ ಮೊದಲ ತಲೆನೋವು ಶತ್ರುವಲ್ಲ, ಅಲೆಯ ಹೊಡೆತ. ನೀರು ಇಳಿದಾಗ ಬಿಸಿಲಿನ ಕಾಟ ಬೇರೆ. ಗುಂಡಿಯಲ್ಲಿ ನೀರು ನಿಲ್ಲುತ್ತದೆ, ಅಲೆ ಮೇಲಿಂದ ಹಾದುಹೋಗುತ್ತದೆ, ನೀರುಹಕ್ಕಿಯ ಕೊಕ್ಕು ಸುಲಭಕ್ಕೆ ಸಿಗಿಸಿ ಎಳೆಯಲು ಆಗುವುದಿಲ್ಲ. ಗುಂಡಿ ಸಿಗದ ಜಾತಿಗಳು ಏನು ಮಾಡುತ್ತವೆ ಗೊತ್ತಾ? ಕೆಲವು ಚಿಪ್ಪಿನ ಚೂರು, ಕಲ್ಲು, ಪಾಚಿಯ ತುಂಡು ಸಿಕ್ಕಿದ್ದನ್ನೆಲ್ಲ ತಲೆ ಮೇಲೆ ಹೊತ್ತುಕೊಳ್ಳುತ್ತವೆ. ಬಿಸಿಲು ಜೋರಾದಾಗ ಹೊರೆ ಜಾಸ್ತಿ ಮಾಡಿಕೊಳ್ಳುವುದನ್ನು ಪ್ರಯೋಗ ಮಾಡಿ ನೋಡಿದ್ದಾರೆ.

ಈಗ ಅದು ಹಿಡಿದುಕೊಳ್ಳುವ ರೀತಿ ನೋಡಿ, ನನಗೆ ಇಷ್ಟವಾದ ಭಾಗ ಇದು. ಮುಂದಿನ ಸಲ ಹೋದಾಗ ಬಂಡೆಯ ಪಕ್ಕ ಕುಕ್ಕರುಗಾಲಲ್ಲಿ ಕೂತು, ನೆರಳು ಅದರ ಮೇಲೆ ಬೀಳದ ಹಾಗೆ, ಐದು ನಿಮಿಷ ಸುಮ್ನೆ ನೋಡಿ. ಮುಳ್ಳುಗಳ ನಡುವಿಂದ ದಾರದಷ್ಟು ಸಣ್ಣ, ಅರೆಪಾರದರ್ಶಕ ಎಳೆಗಳು ಹೊರಗೆ ಬರುತ್ತವೆ. ಮುಳ್ಳಿಗಿಂತಲೂ ಉದ್ದಕ್ಕೆ ಚಾಚಿಕೊಳ್ಳುತ್ತವೆ, ತುದಿಯಲ್ಲಿ ಒಂದು ಪುಟ್ಟ ಬಿಲ್ಲೆ. ಇವು ಕೊಳವೆಗಾಲುಗಳು. ನೂರಾರು ಇರುತ್ತವೆ. ಒಳಗೆ ನೀರಿನ ಒತ್ತಡ ಹೆಚ್ಚಿದರೆ ಚಾಚುತ್ತವೆ, ಕಡಿಮೆಯಾದರೆ ಮುದುಡುತ್ತವೆ. ಬಿಲ್ಲೆ ಬಂಡೆಗೆ ಕಚ್ಚುವುದು ಗಾಳಿ ಹೀರಿಕೊಂಡು ಅಂತ ಹಳೆಯ ಪುಸ್ತಕಗಳು ಹೇಳುತ್ತಿದ್ದವು. ಈಗ ಗೊತ್ತಿರುವುದು ಬೇರೆ. ಅದು ಒಂದು ಅಂಟುರಸ ಹೊರಬಿಡುತ್ತದೆ, ಬಿಡಿಸಿಕೊಳ್ಳಬೇಕಾದಾಗ ಅಂಟು ಬಿಡಿಸುವ ಇನ್ನೊಂದು ರಸ ಬಿಡುತ್ತದೆ, ಅಂಟಿನ ಗುರುತು ಬಂಡೆಯ ಮೇಲೇ ಉಳಿಯುತ್ತದೆ. ಅಕ್ಷರಶಃ ಹೆಜ್ಜೆಗುರುತು.

ಮುಳ್ಳಿನ ವಿಷಯವೂ ಹಾಗೇ. ಪ್ರತಿ ಮುಳ್ಳಿನ ಬುಡದಲ್ಲಿ ಒಂದು ಗುಳಿ, ಚಿಪ್ಪಿನ ಮೇಲೆ ಒಂದು ಗುಂಡು, ನಮ್ಮ ಭುಜದ ಕೀಲಿನ ಥರ. ಹಾಗಾಗಿ ಎಲ್ಲ ದಿಕ್ಕಿಗೂ ತಿರುಗುತ್ತದೆ. ಕೀಲಿನ ಸುತ್ತ ಎರಡು ಪದರ, ಹೊರಗೆ ಅಲ್ಲಾಡಿಸುವ ಸ್ನಾಯು, ಒಳಗೆ ಒಂದು ವಿಚಿತ್ರ ನಾರು. ಈ ನಾರು ಕ್ಷಣದಲ್ಲಿ ಮೆದುವಿನಿಂದ ಗಟ್ಟಿಯಾಗಬಲ್ಲದು. ಒಮ್ಮೆ ಗಟ್ಟಿಯಾಯಿತೆಂದರೆ ಮುಳ್ಳನ್ನು ಮುರಿಯಬಹುದು, ಬಗ್ಗಿಸಲು ಆಗುವುದಿಲ್ಲ. ಅದಕ್ಕೇ ಗುಂಡಿಯೊಳಗಿನ ಅರ್ಚಿನ್‌ಗೆ ಒಮ್ಮೆ ಬೆರಳು ತಾಗಿಸಿದಿರೋ ಮುಗಿಯಿತು, ಮುಳ್ಳುಗಳನ್ನು ಗೋಡೆಗೆ ಆನಿಸಿ ಬೀಗ ಹಾಕಿಕೊಂಡುಬಿಡುತ್ತದೆ. ಸ್ನಾಯು ಬಿಗಿಹಿಡಿದಿದ್ದರೆ ದಣಿಯುತ್ತಿತ್ತು, ಬೀಗಕ್ಕೆ ದಣಿವಿಲ್ಲ. ಇದನ್ನು ಎಳೆಯಲು ಹೋದರೆ ಕೊಳವೆಗಾಲುಗಳು ಹರಿದು ಬಿಲ್ಲೆಗಳು ಬಂಡೆಗೇ ಅಂಟಿಕೊಂಡಿರುತ್ತವೆ, ಪ್ರಾಣಿ ಗಾಯಗೊಳ್ಳುತ್ತದೆ, ನಿಮಗೆ ಸಿಗುವುದು ಬೆರಳಿಗೆ ಮುಳ್ಳು. ಅನುಭವದ ಮಾತು. ಓದುವ ಕಾಲದಲ್ಲಿ ನನಗೆ ಮೂರು ಮುಳ್ಳು ಒಟ್ಟಿಗೆ ಹೊಕ್ಕಿದ್ದವು, ಅದೂ ಬರೆಯುವ ಕೈಗೆ.

ಇನ್ನೂ ಹತ್ತಿರದಿಂದ, ಭೂತಗನ್ನಡಿ ಹಿಡಿದು ನೋಡಿದರೆ ಮುಳ್ಳುಗಳ ಬುಡದಲ್ಲಿ ಚಿಕ್ಕ ಚಿಮ್ಮಟಗಳು ಕಾಣುತ್ತವೆ. ಕಡ್ಡಿಯ ತುದಿಗೆ ಮೂರು ಹಲ್ಲಿನ ದವಡೆ ಸಿಗಿಸಿದ ಹಾಗೆ. ಬ್ರಶ್ಶಿನ ಒಂದು ಕೂದಲನ್ನು ಮೆಲ್ಲಗೆ ತಾಗಿಸಿದರೆ ಮೂರೂ ಹಲ್ಲು ಟಕ್ಕೆಂದು ಮುಚ್ಚಿಕೊಳ್ಳುತ್ತವೆ, ಕೂದಲು ಸಿಕ್ಕಿಬೀಳುತ್ತದೆ. ಮೈ ಮೇಲೆ ಬಂದು ಅಂಟಿಕೊಳ್ಳಲು ನೋಡುವ ಕಸ, ಮರಿಹುಳು, ಎಲ್ಲವನ್ನೂ ಓಡಿಸುವ ಕಾವಲುಗಾರರು ಇವು. ಫ್ಲವರ್ ಅರ್ಚಿನ್ ಅನ್ನುವ ಒಂದು ಜಾತಿಯಲ್ಲಿ ಇದೇ ಚಿಮ್ಮಟಗಳು ಹೂವಿನಂತೆ ದೊಡ್ಡದಾಗಿ ಅರಳಿಕೊಂಡಿರುತ್ತವೆ, ಒಳಗೆ ಕೆಟ್ಟ ವಿಷ. ಚೆಂದ ಕಂಡಿತು ಅಂತ ಕೈಗೆತ್ತಿಕೊಳ್ಳುವ ಪ್ರಾಣಿ ಅದಲ್ಲ.

ಅರ್ಚಿನ್‌ಗೆ ಕಣ್ಣಿಲ್ಲ, ಮಿದುಳಿಲ್ಲ. ಬಾಯಿಯ ಸುತ್ತ ಒಂದು ನರದ ಬಳೆ, ಅದರಿಂದ ಐದು ಕವಲು, ಅಷ್ಟೇ. ಆದರೂ ನೆರಳು ಬಿದ್ದರೆ ಗೊತ್ತಾಗುತ್ತದೆ, ಕತ್ತಲಿನ ಸಂದಿ ಯಾವ ಕಡೆ ಇದೆ ಅಂತಲೂ ಗೊತ್ತಾಗುತ್ತದೆ. ಕೊಳವೆಗಾಲುಗಳಲ್ಲೇ ಬೆಳಕು ಹಿಡಿಯುವ ಕೋಶಗಳಿವೆ, ಇಡೀ ಮೈ ಒಂದು ಮಸುಕು ಕಣ್ಣಿನಂತೆ ಕೆಲಸ ಮಾಡುತ್ತದೆ. ನೇರಳೆ ಅರ್ಚಿನ್‌ನ ಪೂರ್ತಿ ಜೀನೋಮ್ (ವಂಶವಾಹಿಗಳ ಇಡೀ ಬರಹ) ಓದಿದ್ದು 2006ರಲ್ಲಿ. ಸುಮಾರು 23,300 ಜೀನ್‌ಗಳು ಸಿಕ್ಕವು, ಅದರಲ್ಲಿ ನಮ್ಮ ಕಣ್ಣಿನ ಬೆಳವಣಿಗೆಗೆ ಬೇಕಾದಂಥವೂ ಇದ್ದವು. ಇದರಲ್ಲಿ ಆಶ್ಚರ್ಯ ಕಡಿಮೆ, ಯಾಕೆಂದರೆ ಪ್ರಾಣಿಗಳ ವಂಶವೃಕ್ಷದಲ್ಲಿ ಅರ್ಚಿನ್ ನೊಣ, ಏಡಿ, ಬಸವನಹುಳುಗಳಿಗಿಂತ ನಮಗೆ ಹತ್ತಿರದ ನೆಂಟ. ನೋಡಿದರೆ ಹಾಗನ್ನಿಸುವುದಿಲ್ಲ, ನಿಜ.

ಇನ್ನು ಊಟ. ಇಲ್ಲಿಂದ ಕತೆ ನಿಮ್ಮ ಗೆಳೆಯರ ಕಡೆ ತಿರುಗುತ್ತದೆ.

ಗುಂಡಿಯ ಅರ್ಚಿನ್ ಊಟ ಹುಡುಕಿಕೊಂಡು ಹೋಗುವುದಿಲ್ಲ, ಊಟ ಅದರ ಬಾಗಿಲಿಗೆ ಬರುತ್ತದೆ. ತಣ್ಣನೆಯ ಕಡಲುಗಳ ಬಂಡೆ ತಳದಲ್ಲಿ ಕೆಲ್ಪ್ ಅನ್ನುವ ದೊಡ್ಡ ಕಡಲಪಾಚಿ ಬೆಳೆಯುತ್ತದೆ. ದೈತ್ಯ ಕೆಲ್ಪ್ 30 ಮೀಟರ್ ದಾಟಿ ಬೆಳೆದು ನಿಜವಾದ ಕಾಡಿನಂತೆ ನಿಲ್ಲುತ್ತದೆ. ಕಾಡು ಅಂದಮೇಲೆ ಎಲೆ ಉದುರಬೇಕಲ್ಲ, ಇಲ್ಲೂ ಉದುರುತ್ತದೆ. ಹರಿದ ತುಂಡುಗಳು ನೀರಿನ ಜೊತೆ ತೇಲಿ ಬರುತ್ತವೆ. ಅರ್ಚಿನ್ ಮುಳ್ಳು ಎತ್ತಿಕೊಂಡು ಕಾದಿರುತ್ತದೆ, ತುಂಡೊಂದು ಮುಳ್ಳಿಗೆ ಸಿಕ್ಕಿತೋ, ಪಕ್ಕದ ಕೊಳವೆಗಾಲುಗಳು ಹಿಡಿದುಕೊಳ್ಳುತ್ತವೆ, ಒಂದರಿಂದ ಇನ್ನೊಂದಕ್ಕೆ ದಾಟಿಸುತ್ತಾ ಕೆಳಗಿನ ಬಾಯಿಗೆ ತಲುಪಿಸುತ್ತವೆ. ಇದನ್ನು ತೊಟ್ಟಿಯಲ್ಲಿ ಒಮ್ಮೆ ನೋಡುತ್ತಾ ಕೂತಿದ್ದೆ. ಅಂಗೈ ಅಗಲದ ಪಾಚಿ ತುಂಡೊಂದು ಮೈಯ ಬದಿಯಿಂದ ಇಂಚಿಂಚೇ ಕೆಳಗೆ ಜಾರಿ ಮಾಯವಾಯಿತು, ಅಷ್ಟು ಹೊತ್ತೂ ಪ್ರಾಣಿ ಕದಲಲೇ ಇಲ್ಲ. ಹೀಗೆ ಮನೆ ಬಾಗಿಲಿಗೆ ಊಟ ಬರುವಾಗ ಬಾಗಿಲು ಚಿಕ್ಕದಾದರೇನಂತೆ?

ತೇಲಿ ಬರುವುದು ನಿಂತರೆ? ಆಗ ಅದೇ ಅರ್ಚಿನ್, ಹೊರಬರಲು ಆಗುವಂಥದ್ದಾದರೆ, ಸಂದಿ ಬಿಟ್ಟು ಹೊರಗೆ ಬರುತ್ತದೆ. ಬಿದ್ದದ್ದನ್ನು ತಿನ್ನುತ್ತಿದ್ದ ಪ್ರಾಣಿ ನಿಂತದ್ದನ್ನು ತಿನ್ನಲು ಶುರು ಮಾಡುತ್ತದೆ, ಕೆಲ್ಪ್ ಬಂಡೆಗೆ ಹಿಡಿದುಕೊಂಡಿರುವ ಬುಡವನ್ನೇ ಕತ್ತರಿಸುತ್ತದೆ. ಬುಡ ಹೋದರೆ 30 ಮೀಟರ್ ಮರವೂ ತೇಲಿ ಹೋಗುತ್ತದೆ. ಕಾಡು ಇಲ್ಲದಾದರೆ ಉದುರುವ ಎಲೆಯೂ ಇಲ್ಲ, ಹಾಗಾಗಿ ಇನ್ನಷ್ಟು ಅರ್ಚಿನ್‌ಗಳು ಹೊರಗೆ. ನಿಮ್ಮ ಗೆಳೆಯರು ಹೇಳಿದ ಬೋಳು ತಳ ಇದೇ. ಗುಲಾಬಿ ಬಣ್ಣದ ಸುಣ್ಣದ ಪಾಚಿಯ ತೆಳು ಪದರ ಬಿಟ್ಟರೆ ಬಂಡೆಯ ಮೇಲೆ ಏನೂ ಇರುವುದಿಲ್ಲ, ಎಲ್ಲಿ ನೋಡಿದರೂ ಅರ್ಚಿನ್. ಅಂದರೆ ಅವರು ಹೇಳಿದ್ದು ಸುಳ್ಳಲ್ಲ. ಆದರೆ ಗುಂಡಿಯಲ್ಲಿ ಕೂತದ್ದೂ ಹೊರಗೆ ಬಂದು ಬೋಳಿಸಿದ್ದೂ ಬೇರೆ ಬೇರೆ ಪ್ರಾಣಿ ಅಲ್ಲ. ಯಾವ ಬದುಕು ಬದುಕುತ್ತದೆ ಅನ್ನುವುದನ್ನು ತೀರ್ಮಾನಿಸುವುದು ಎರಡು ವಿಷಯ. ಊಟ ತೇಲಿ ಬರುತ್ತಿದೆಯಾ, ಹೊರಗೆ ತಲೆ ಹಾಕಿದರೆ ತಿನ್ನಲು ಯಾರಾದರೂ ಇದ್ದಾರಾ.

ಎರಡನೆಯದಕ್ಕೆ ಎಲ್ಲರೂ ಹೇಳುವ ಉದಾಹರಣೆ ಕಡಲ ನೀರುನಾಯಿ. ತಣ್ಣೀರಲ್ಲಿ ಮೈ ಬೆಚ್ಚಗಿಟ್ಟುಕೊಳ್ಳಲು ಅದು ದಿನಕ್ಕೆ ತನ್ನ ತೂಕದ ಕಾಲುಭಾಗದಷ್ಟು ತಿನ್ನಬೇಕು. ಅರ್ಚಿನ್ ಹಿಡಿದು, ಬೆನ್ನ ಮೇಲೆ ತೇಲುತ್ತಾ, ಎದೆಯ ಮೇಲಿಟ್ಟು ಒಡೆದು ತಿನ್ನುತ್ತದೆ. ನೇರಳೆ ಅರ್ಚಿನ್ ತುಂಬ ತಿಂದ ನೀರುನಾಯಿಯ ಮೂಳೆಗೂ ಹಲ್ಲಿಗೂ ನೇರಳೆ ಬಣ್ಣ ಹತ್ತುತ್ತದೆ. ಹದಿನೆಂಟನೇ ಶತಮಾನದ ನಡುವಿನಿಂದ ತುಪ್ಪಳಕ್ಕಾಗಿ ಇವನ್ನು ಬೇಟೆಯಾಡಿದರು. 1911ರಲ್ಲಿ ಒಪ್ಪಂದವಾಗಿ ಬೇಟೆ ನಿಲ್ಲುವಷ್ಟರಲ್ಲಿ ಉಳಿದಿದ್ದು ಒಂದೆರಡು ಸಾವಿರ ಮಾತ್ರ. ಕೆಲವು ಕಡೆ ಮತ್ತೆ ಹೆಚ್ಚಿದವು, ಕೆಲವು ಕಡೆ ಇಲ್ಲ. ಅಲಾಸ್ಕದ ಅಲೂಷಿಯನ್ ದ್ವೀಪಗಳಲ್ಲಿ ಜೇಮ್ಸ್ ಎಸ್ಟಿಸ್ ಮತ್ತು ಜಾನ್ ಪಾಮಿಸಾನೊ ಅನ್ನುವ ವಿಜ್ಞಾನಿಗಳು ಇದನ್ನೇ ಹೋಲಿಸಿ ನೋಡಿ 1974ರಲ್ಲಿ ಪ್ರಕಟಿಸಿದರು. ನೀರುನಾಯಿ ಇದ್ದ ಅಮ್ಚಿಟ್ಕಾ ಸುತ್ತ ಕೆಲ್ಪ್ ದಟ್ಟವಾಗಿತ್ತು, ಅರ್ಚಿನ್ ಚಿಕ್ಕವು, ಕಡಿಮೆ. ನೀರುನಾಯಿ ಇಲ್ಲದ ಶೆಮ್ಯಾ ಸುತ್ತ ತಳದ ತುಂಬ ಅರ್ಚಿನ್, ಕೆಲ್ಪ್ ಇಲ್ಲವೇ ಇಲ್ಲ ಅನ್ನುವಷ್ಟು.

ನೀರುನಾಯಿ ಒಂದೇ ಅಲ್ಲ. ನ್ಯೂಜಿಲೆಂಡ್‌ನ ಲೀ ಹತ್ತಿರ 1975ರಲ್ಲಿ ಒಂದು ಕಡಲ ರಕ್ಷಿತ ಪ್ರದೇಶ ಮಾಡಿದರು, ಮೀನು ಹಿಡಿಯುವಂತಿಲ್ಲ. ಅರ್ಚಿನ್ ಬಗ್ಗೆ ಯಾರೂ ಏನೂ ಮಾಡಲಿಲ್ಲ. ಅರ್ಚಿನ್ ತಿನ್ನುವ ಸ್ನ್ಯಾಪರ್ ಮೀನು ಮತ್ತು ಲಾಬ್‌ಸ್ಟರ್ ಹೆಚ್ಚಿದವು, ದೊಡ್ಡದಾದವು. ವರ್ಷಗಳು ಕಳೆದ ಮೇಲೆ ಅರ್ಚಿನ್ ಕಡಿಮೆಯಾಗಿ ಕೆಲ್ಪ್ ತಾನಾಗಿ ವಾಪಸು ಬಂತು. ಕೆನಡಾದ ನೋವಾ ಸ್ಕೋಷಿಯಾದಲ್ಲಿ ಈ ಕೆಲಸ ಮಾಡುವುದು ಒಂದು ಅಮೀಬಾ. ನೀರು ಬೆಚ್ಚಗಾಗಿ ಬಿರುಗಾಳಿ ಬೀಸಿದ ವರ್ಷ ಅದು ಬಂದು ಅರ್ಚಿನ್‌ಗಳನ್ನು ಸಾಮೂಹಿಕವಾಗಿ ಕೊಲ್ಲುತ್ತದೆ, ಕೆಲ್ಪ್ ಮತ್ತೆ ಎದ್ದು ನಿಲ್ಲುತ್ತದೆ.

ಇತ್ತೀಚಿನ ದೊಡ್ಡ ಹೊಡೆತ ಉತ್ತರ ಕ್ಯಾಲಿಫೋರ್ನಿಯಾದ್ದು. ಅಲ್ಲಿ ನೀರುನಾಯಿ ಇರಲಿಲ್ಲ, ಅರ್ಚಿನ್‌ಗೆ ಭಯ ಇದ್ದದ್ದು ಸೂರ್ಯಕಾಂತಿ ನಕ್ಷತ್ರಮೀನಿನದು. ಇಪ್ಪತ್ತಕ್ಕೂ ಹೆಚ್ಚು ತೋಳಿನ, ಒಂದು ಮೀಟರ್‌ವರೆಗೆ ಅಗಲ ಬೆಳೆಯುವ, ನಕ್ಷತ್ರಮೀನುಗಳ ಲೆಕ್ಕದಲ್ಲಿ ಓಟಗಾರನೇ ಅನ್ನಬೇಕಾದ ಬೇಟೆಗಾರ. 2013ರಲ್ಲಿ ನಕ್ಷತ್ರಮೀನುಗಳಿಗೆ ಮೈ ಕರಗಿಹೋಗುವ ರೋಗ ಬಂತು. ತೋಳು ಕಳಚಿ ಬಿದ್ದು ದಿನಗಳಲ್ಲೇ ಸಾಯುತ್ತಿದ್ದವು. ಅದರ ಬೆನ್ನಿಗೇ 2014ರಿಂದ 2016ರವರೆಗೆ ಆ ಕಡಲು ಅತಿಯಾಗಿ ಬಿಸಿಯಾಗಿ ಕೆಲ್ಪ್ ಸೊರಗಿತು. ಎಲೆ ಉದುರುವುದು ನಿಂತಿತು, ತಿನ್ನುವವನೂ ಇಲ್ಲ. ಮೇಲೆ ಹೇಳಿದ ಎರಡೂ ಬಾಗಿಲು ಒಟ್ಟಿಗೆ ತೆರೆದಂತಾಯಿತು. ನೇರಳೆ ಅರ್ಚಿನ್‌ಗಳು ಸಂದಿಗಳಿಂದ ಹೊರಬಂದವು, ಕೆಲವೇ ವರ್ಷದಲ್ಲಿ ನೂರಾರು ಕಿಲೋಮೀಟರ್ ಉದ್ದಕ್ಕೆ ಕೆಲ್ಪ್ ಕಾಡಿನ 90%ಕ್ಕೂ ಹೆಚ್ಚು ಹೋಯಿತು. ಆ ನಕ್ಷತ್ರಮೀನು ರೋಗಕ್ಕೆ ವಿಬ್ರಿಯೊ ಗುಂಪಿನ ಒಂದು ಬ್ಯಾಕ್ಟೀರಿಯಾ ಕಾರಣ ಅಂತ ಪತ್ತೆಯಾದದ್ದು 2025ರಲ್ಲಿ, ಹನ್ನೆರಡು ವರ್ಷ ತಡಕಾಡಿದ ಮೇಲೆ.

ಕಾಡು ಮುಗಿದ ಮೇಲೆ ಅರ್ಚಿನ್ ಸಾಯಬೇಕಲ್ವಾ ಅಂತ ಕೇಳುತ್ತೀರಿ. ಸಾಯುವುದಿಲ್ಲ, ಅದೇ ತೊಂದರೆ. ಮೈಯ ಖರ್ಚನ್ನು ತಗ್ಗಿಸಿ, ತನ್ನ ಬೀಜಕೋಶಗಳನ್ನೇ ಕರಗಿಸಿಕೊಂಡು, ಬಂಡೆಯ ಸುಣ್ಣದ ಪಾಚಿ ಕೆರೆಯುತ್ತಾ ವರ್ಷಗಟ್ಟಲೆ ಹಾಗೇ ಇರುತ್ತದೆ. ಹಸಿದ ಅರ್ಚಿನ್‌ನ ದವಡೆ ಮೈಗೆ ಹೋಲಿಸಿದರೆ ದೊಡ್ಡದಾಗಿರುತ್ತದೆ, ಕೆರೆಯಲು ಅನುಕೂಲ. ಹೊಸದಾಗಿ ಮೊಳೆತ ಕೆಲ್ಪ್ ಸಸಿ ಬೆರಳುದ್ದ ಬೆಳೆಯುವ ಮೊದಲೇ ಮುಗಿದಿರುತ್ತದೆ. ಕಾಡನ್ನು ಕೆಡವಲು ಎಷ್ಟು ಅರ್ಚಿನ್ ಬೇಕೋ ಅದಕ್ಕಿಂತ ತುಂಬ ಕಡಿಮೆ ಇದ್ದರೂ ಬೋಳನ್ನು ಬೋಳಾಗಿಯೇ ಇಡಲು ಸಾಕು. ಅದಕ್ಕೇ ಅರ್ಧಕ್ಕರ್ಧ ಜಜ್ಜಿ ಬಂದರೂ ಎಷ್ಟೋ ಸಲ ಏನೂ ಬದಲಾಗುವುದಿಲ್ಲ.

ಹಾಗಾದರೆ ನೀರುನಾಯಿ ಬಂದು ಬೋಳು ತಳವನ್ನು ಸರಿಮಾಡಲಿ ಅಂದರೆ, ಅದೂ ಸುಲಭವಲ್ಲ. ಕ್ಯಾಲಿಫೋರ್ನಿಯಾದ ಮಾಂಟೆರೇಯಲ್ಲಿ ನೀರುನಾಯಿಗಳಿವೆ. ಅರ್ಚಿನ್ ಹೆಚ್ಚಾದಾಗ ಅವು ಅರ್ಚಿನ್ ತಿನ್ನುವುದನ್ನೂ ಹೆಚ್ಚಿಸಿದವು. ಆದರೆ ಹೋಗಿ ಹಿಡಿದದ್ದು ಉಳಿದಿದ್ದ ಕೆಲ್ಪ್ ತುಂಡುಗಳ ಒಳಗಿನ ಕೊಬ್ಬಿದ ಅರ್ಚಿನ್‌ಗಳನ್ನು. ಬೋಳು ಜಾಗದ ಅರ್ಚಿನ್ ಒಳಗೆ ಬರೀ ಖಾಲಿ, ಒಡೆದರೆ ತಿನ್ನಲು ಏನೂ ಇಲ್ಲ, ನೀರುನಾಯಿ ಯಾಕೆ ಮುಟ್ಟೀತು? ಇದರಿಂದ ಉಳಿದ ಕಾಡು ಉಳಿಯಿತು, ಹೋದ ಕಾಡು ವಾಪಸು ಬರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ವಿಷಯದಲ್ಲಿ ಎಲ್ಲರೂ ತಿಳಿಯಬೇಕಾದ ಸಂಗತಿ ಇದು, ನೀರುನಾಯಿಯ ಮುದ್ದು ಫೋಟೋ ಹಾಕಿ ಕತೆ ಮುಗಿಸುವವರು ಇದನ್ನು ಹೇಳುವುದೇ ಇಲ್ಲ.

ಇನ್ನು "ಕಂಡಲ್ಲಿ ಜಜ್ಜಬೇಕು" ಅನ್ನುವ ಮಾತು. ಕೆಲವು ಕಡೆ, ಬೋಳಾದ ಜಾಗವನ್ನು ಗುರುತು ಮಾಡಿಕೊಂಡು, ಅನುಮತಿ ಪಡೆದ ಮುಳುಗುಗಾರರು ಅರ್ಚಿನ್ ತೆಗೆಯುತ್ತಾರೆ, ಅದಕ್ಕೆ ಲೆಕ್ಕ ಇರುತ್ತದೆ. ಬಂಡೆಯ ಮೇಲೆ ಅಡ್ಡಾಡುವವರು ಗುಂಡಿಯಲ್ಲಿ ಕೂತದ್ದನ್ನು ಜಜ್ಜುವುದಕ್ಕೆ ಯಾವ ಲೆಕ್ಕವೂ ಇಲ್ಲ. ಅದು ಕಾಡನ್ನು ಮುಟ್ಟುತ್ತಲೇ ಇಲ್ಲ, ತೇಲಿ ಬಂದದ್ದನ್ನು ತಿಂದು ಕೂತಿದೆ. ಇನ್ನೊಂದು ಕಡಲಲ್ಲಿ ಅರ್ಚಿನ್ ಇಲ್ಲದಾಗಿ ಏನಾಯಿತು ಅಂತಲೂ ನಿಮ್ಮ ಗೆಳೆಯರಿಗೆ ಹೇಳಿ. ಕೆರಿಬಿಯನ್‌ನ ಹವಳದ ದಿಬ್ಬಗಳಲ್ಲಿ ಡಯಾಡೆಮಾ ಅನ್ನುವ ಉದ್ದ ಕಪ್ಪು ಮುಳ್ಳಿನ ಅರ್ಚಿನ್ ತುಂಬಿಕೊಂಡಿತ್ತು. 1983ರ ಜನವರಿಯಲ್ಲಿ ಪನಾಮಾ ಬಳಿ ಅವು ಸಾಯಲು ಶುರುವಾದವು. ಸುಮಾರು ಒಂದು ವರ್ಷದಲ್ಲಿ ಇಡೀ ಕೆರಿಬಿಯನ್‌ನಲ್ಲಿ 90%ಕ್ಕೂ ಹೆಚ್ಚು ಹೋದವು. ಪಾಚಿ ಮೇಯುವ ಮೀನುಗಳನ್ನು ಜನ ಮೊದಲೇ ಹಿಡಿದು ಮುಗಿಸಿದ್ದ ಜಮೈಕಾದಂಥ ಕಡೆ, ಕೊನೆಯ ಮೇಯುವವನೂ ಹೋದ ಮೇಲೆ ಪಾಚಿ ಹವಳವನ್ನು ಮುಚ್ಚಿಹಾಕಿತು. ಅಲ್ಲಿನವರು ಈಗ ಅದೇ ಅರ್ಚಿನ್ ಅನ್ನು ತೊಟ್ಟಿಗಳಲ್ಲಿ ಸಾಕಿ ಕಡಲಿಗೆ ಬಿಡಲು ಒದ್ದಾಡುತ್ತಿದ್ದಾರೆ.

ಸಾಕುವುದು ಯಾಕೆ ಕಷ್ಟ ಅಂದರೆ ಮರಿಯಿಂದ ದೊಡ್ಡದಾಗುವ ದಾರಿ ಅಷ್ಟು ಸುತ್ತು. ಗಂಡು ಹೆಣ್ಣು ಎರಡೂ ವೀರ್ಯ, ಮೊಟ್ಟೆಗಳನ್ನು ನೀರಿಗೇ ಬಿಡುತ್ತವೆ, ಒಂದು ಹೆಣ್ಣಿನಿಂದ ಲಕ್ಷಗಟ್ಟಲೆ ಮೊಟ್ಟೆ. ಮೊಟ್ಟೆ ಪಾರದರ್ಶಕ, ಸೂಕ್ಷ್ಮದರ್ಶಕದಡಿ ಎಲ್ಲ ಕಾಣುತ್ತದೆ. ವೀರ್ಯದ ಕೋಶಕೇಂದ್ರ ಮೊಟ್ಟೆಯ ಕೋಶಕೇಂದ್ರದ ಜೊತೆ ಸೇರುವುದನ್ನು 1870ರ ದಶಕದಲ್ಲಿ ಜರ್ಮನ್ ವಿಜ್ಞಾನಿ ಆಸ್ಕರ್ ಹರ್ಟ್‌ವಿಗ್ ನೋಡಿದ್ದು ಇದರಲ್ಲೇ. ಮರಿ ದೊಡ್ಡದರ ಥರ ಇರುವುದೇ ಇಲ್ಲ, ಗಾಜಿನ ಕಡ್ಡಿಗಳನ್ನು ಚಾಚಿಕೊಂಡ ರಾಕೆಟ್ಟಿನ ಹಾಗೆ ತೇಲುತ್ತಾ ವಾರಗಳು, ಕೆಲವು ಜಾತಿಗಳಲ್ಲಿ ತಿಂಗಳುಗಳು ಕಳೆಯುತ್ತದೆ. ಅದರ ಎಡ ಪಕ್ಕೆಯೊಳಗೆ ಮುಂದಿನ ಅರ್ಚಿನ್ ಗುಟ್ಟಾಗಿ ಬೆಳೆಯುತ್ತಿರುತ್ತದೆ. ಬಂಡೆಯ ವಾಸನೆ ಸಿಕ್ಕಿ ತಳಕ್ಕೆ ಕೂತಮೇಲೆ ಒಂದು ಗಂಟೆಯ ಆಸುಪಾಸಿನಲ್ಲಿ ಒಳಗಿನದು ಹೊರಗೆ ಬಂದು ಹಳೆಯ ಮೈ ಮುದುಡಿಬಿಡುತ್ತದೆ. ಅರ್ಧ ಮಿಲಿಮೀಟರಿನ ಮುಳ್ಳುಚೆಂಡು ಒಂದು ನಡೆಯಲು ಶುರು ಮಾಡುತ್ತದೆ. ಕೆಂಪು ಅರ್ಚಿನ್ ಜಾತಿಯಲ್ಲಿ ಇಂಥ ಪುಟ್ಟವು ದೊಡ್ಡವರ ಮುಳ್ಳಿನ ಕೊಡೆಯಡಿ ಅಡಗಿಕೊಂಡು ಬೆಳೆಯುತ್ತವೆ.

ಆ ಕೆಂಪು ಅರ್ಚಿನ್‌ಗಳು 100 ವರ್ಷ ದಾಟಿ ಬದುಕುತ್ತವೆ. 2003ರಲ್ಲಿ ಥಾಮಸ್ ಎಬರ್ಟ್ ಮತ್ತು ಜಾನ್ ಸೌಥನ್ ಅನ್ನುವ ವಿಜ್ಞಾನಿಗಳು ಲೆಕ್ಕ ಹಾಕಿದಾಗ ಕೆಲವು 200ರ ಹತ್ತಿರ ಇರಬಹುದು ಅಂತ ಬಂತು. 1950ರ ದಶಕದ ಅಣುಬಾಂಬ್ ಪರೀಕ್ಷೆಗಳಿಂದ ಕಡಲಿಗೆ ಸೇರಿದ ವಿಕಿರಣಶೀಲ ಇಂಗಾಲ, ಅಂದರೆ ಕಾರ್ಬನ್‌-14 ಅವುಗಳ ದವಡೆಯ ತುಂಡುಗಳಲ್ಲಿ ಎಲ್ಲಿಂದ ಶುರುವಾಗುತ್ತದೆ ಅಂತ ನೋಡಿ, ಬೆಳವಣಿಗೆಯ ಲೆಕ್ಕವನ್ನು ತಾಳೆ ಹಾಕಿದ್ದರು. ಅಷ್ಟು ವಯಸ್ಸಾದರೂ ಮೊಟ್ಟೆ ಇಡುವುದರಲ್ಲಿ ಮುಪ್ಪು ಕಾಣುವುದಿಲ್ಲ.

ಕೇಳದಿದ್ದರೂ ಒಂದು ವಿಷಯ ಸೇರಿಸುತ್ತೇನೆ, ಬಂಡೆಯ ಮೇಲೆ ಓಡಾಡುವವರಿಗೆ ಬೇಕಾಗುತ್ತದೆ. ಮುಳ್ಳು ಚುಚ್ಚಿದರೆ ಚರ್ಮದ ಹೊರಗೆ ಕಾಣುವ ತುಂಡನ್ನು ಮಾತ್ರ ಚಿಮ್ಮಟದಿಂದ ನೇರಕ್ಕೆ ಎಳೆಯಿರಿ. ಒಳಗೆ ಮುರಿದದ್ದನ್ನು ಸೂಜಿಯಿಂದ ಕೆದಕಬೇಡಿ, ಅದು ಪುಡಿಯಾಗುತ್ತದೆ. ಮೈ ಸುಡದಷ್ಟು ಬಿಸಿ ನೀರಲ್ಲಿ, 45 ಡಿಗ್ರಿ ಮೀರದಂತೆ, ಅರ್ಧ ಗಂಟೆಯಿಂದ ಒಂದೂವರೆ ಗಂಟೆ ಇಟ್ಟರೆ ನೋವು ಇಳಿಯುತ್ತದೆ. ನೀರಿನ ಬಿಸಿಯನ್ನು ನೋವಿಲ್ಲದ ಕೈಯಿಂದ ನೋಡಿ, ನೋವಿರುವ ಕೈಗೆ ಸರಿಯಾಗಿ ಗೊತ್ತಾಗುವುದಿಲ್ಲ. ಮುಳ್ಳು ತೆಗೆದ ಮೇಲೂ ಕಪ್ಪು ಚುಕ್ಕೆ ಉಳಿದರೆ ಅದು ಬಣ್ಣ ಮಾತ್ರ ಇರಬಹುದು, ಎರಡು ಮೂರು ದಿನದಲ್ಲಿ ಹೋಗುತ್ತದೆ. ಕೀಲಿನ ಹತ್ತಿರ ಚುಚ್ಚಿದ್ದರೆ, ಊತ ಏರುತ್ತಿದ್ದರೆ, ಜ್ವರ ಬಂದರೆ ಡಾಕ್ಟರ ಹತ್ತಿರ ಹೋಗಿ. ಮೂತ್ರ ಹಾಕಿದರೆ ವಾಸಿ ಅನ್ನುವವರ ಮಾತು ಕೇಳಬೇಡಿ.

ಮತ್ತೆ ಹೋದಾಗ ಒಂದು ಕೆಲಸ ಮಾಡಿ ನೋಡಿ. ಅದೇ ದಡದಲ್ಲಿ ಹರಿದು ಬಿದ್ದ ಕಡಲಪಾಚಿಯ ತುಂಡೊಂದನ್ನು ಹೆಕ್ಕಿ, ಚಿಕ್ಕ ಬಾಯಿಯ ಆ ಗುಂಡಿಯ ನೀರಿಗೆ, ಮುಳ್ಳಿಗೆ ತಾಗುವಂತೆ ಮೆಲ್ಲಗೆ ಬಿಡಿ. ಮೊದಲು ಮುಳ್ಳುಗಳು ಆ ಕಡೆ ವಾಲುತ್ತವೆ. ಆಮೇಲೆ ಎಳೆಗಳು ಬರುತ್ತವೆ. ಅವಸರ ಮಾಡಬೇಡಿ, ಆದರೆ ನೀರು ಏರುವ ಹೊತ್ತಾದಾಗ ಎದ್ದುಬಿಡಿ, ಬಂಡೆ ಜಾರುತ್ತದೆ.